ಗಿರಣಿ ಮನೆಯ ಕಂಪ್ಯೂಟರಿಗೆ ಕಾವೇರಿದ ಬೇಸಿಗೆ

ನಮ್ಮ ಮನೆಯಲ್ಲಿ ಕರಿ ಬಣ್ಣದ ವಸ್ತು ಯಾವುದೂ ಬಹಳ ಹೊತ್ತು ಕರಿಯಾಗಿ ಉಳಿಯುತ್ತಿರಲಿಲ್ಲ. ತಾವರಗೇರಾದ ಸಂತೆ ಬಯಲಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ರಸ್ತೆಗೆ ಮುಖ ಮಾಡಿದ ಪಡಸಾಲೆಯಲ್ಲಿ ಅಪ್ಪನ ಹಿಟ್ಟಿನ ಗಿರಣಿ, ಅದರ ಹಿಂದೆ ನಡುಮನೆ, ಎಡಕ್ಕೆ ಅಡಿಗೆಮನೆ, ತೀರ ಹಿಂದೆ ಹಿತ್ತಲಿಗೆ ಅಂಟಿಕೊಂಡು ಆಯಿಯ ಕೋಣೆ. ಆಯಿ ಎಂದರೆ ಅಪ್ಪನ ತಾಯಿ. ಮುಂಜಾನೆ ಏಳಕ್ಕೆ ಗಿರಣಿಯ ಪಟ್ಟಾ ತಿರುಗಲು ಶುರುವಾದರೆ ಜೋಳ, ಸಜ್ಜೆ, ಗೋಧಿ, ಕಡಲೆ ಬೇಳೆ ಒಂದಾದ ಮೇಲೊಂದು ಇಳಿಯುತ್ತಿದ್ದವು. ಹಿಟ್ಟಿನ ಧೂಳು ಬಾಗಿಲು ಹಾಕಿದರೂ ಒಳಗೆ ಬರುತ್ತಿತ್ತು. ಅವ್ವನ ಹುಬ್ಬಿನ ಮೇಲೆ, ದೇವರ ಫೋಟೋಗಳ ಮೇಲೆ, ನನ್ನ ಸಾಲಿ ಚೀಲದ ಮೇಲೆ ತೆಳ್ಳಗೆ ಕೂರುತ್ತಿತ್ತು. ಖಾರ ಕುಟ್ಟುವ ದಿನಗಳಲ್ಲಂತೂ ಮನೆಮಂದಿಯೆಲ್ಲ ಸೀನುತ್ತಲೇ ಮಾತಾಡುತ್ತಿದ್ದೆವು. ಅವ್ವ ದಿನಕ್ಕೆ ಮೂರು ಸಲ ಕಸ ಹೊಡೆಯುತ್ತಿದ್ದಳು. ಆಯಿ ಅದನ್ನು ನೋಡಿ, ಹಿಟ್ಟು ಕಸ ಅಲ್ಲ, ಅದನ್ನು ಹೊರಗೆ ಚೆಲ್ಲಬಾರದು ಎಂದು ತಕರಾರು ತೆಗೆಯುತ್ತಿದ್ದಳು. ಹಾಗಾದರೆ ನೀವೇ ಒಂದು ಕಡೆ ಕೂಡಿಡ್ರಿ ಎಂದು ಅವ್ವ ಕಸಬರಿಗೆ ಮುಂದೆ ಇಡುತ್ತಿದ್ದಳು. ಈ ಜಗಳ ವರ್ಷಗಟ್ಟಲೆ ನಡೆಯಿತು. ಮಧ್ಯಾಹ್ನ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಮುಂದೆ ಬಂದಾಗ ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತು ಉಣ್ಣುತ್ತಿದ್ದರು.

ಅಪ್ಪ ಕಡಿಮೆ ಮಾತಿನ ಮನುಷ್ಯ. ಮಾತಾಡಬೇಕಾದ್ದನ್ನೆಲ್ಲ ಅವನು ಗಿರಣಿಯ ಜೊತೆ ಮಾತಾಡಿ ಮುಗಿಸುತ್ತಾನೆ ಎಂದು ಅವ್ವ ಅನ್ನುತ್ತಿದ್ದಳು. ದಿನಕ್ಕೆ ನಾಲ್ಕಾರು ಸಲ ಅವನು ಗಿರಣಿಯ ಬೇರಿಂಗಿನ ಮೇಲೆ ಅಂಗೈ ಇಡುತ್ತಿದ್ದ. ಕೈ ಎಷ್ಟು ಹೊತ್ತು ತಾಳುತ್ತದೆ ಎಂಬುದರ ಮೇಲೆ ಅದರ ಆರೋಗ್ಯ ಗೊತ್ತಾಗುತ್ತಿತ್ತು. ನನಗೆ ಜ್ವರ ಬಂದಾಗಲೂ ಅದೇ ಕೈಯನ್ನು ಅದೇ ರೀತಿ ಹಣೆಯ ಮೇಲೆ ಇಟ್ಟು, ಮನಸ್ಸಿನಲ್ಲೇ ಎಣಿಸಿ, ನಂತರ ಮಾತಾಡುತ್ತಿದ್ದ.

ನಾನು ಆರನೇ ಇಯತ್ತೆಯಲ್ಲಿದ್ದಾಗ ಸಾವಿತ್ರಿ ಅತ್ತಿ, ಅಂದರೆ ಅಪ್ಪನ ತಂಗಿ, ಅಳವಂಡಿಯ ಗಂಡನ ಮನೆಯಿಂದ ಒಂದು ಟ್ರಂಕ್ ಹಿಡಿದುಕೊಂಡು ಬಂದಳು. ಯಾಕೆ ಬಂದೆ ಎಂದು ಅಪ್ಪ ಕೇಳಲಿಲ್ಲ. ಆಯಿ ದಿನಾ ಕೇಳಿದಳು. ಅತ್ತಿ ಎರಡು ತಿಂಗಳು ಕೊಪ್ಪಳಕ್ಕೆ ಬಸ್ಸಿನಲ್ಲಿ ಓಡಾಡಿ ಕನ್ನಡ ಟೈಪಿಂಗ್ ಕಲಿತಳು. ಅಲ್ಲಿಯ ತರಬೇತಿ ಕೇಂದ್ರ ಮುಚ್ಚಿದಾಗ ಅವರ ಒಂದು ಹಳೆಯ ಕಂಪ್ಯೂಟರನ್ನೂ ಒಂದು ಪ್ರಿಂಟರನ್ನೂ ತನ್ನ ಎರಡು ಬಂಗಾರದ ಬಳೆ ಕೊಟ್ಟು ತಂದಳು. ಟೆಂಪೋದಿಂದ ಇಳಿಸುವಾಗ ಓಣಿಯವರೆಲ್ಲ ನಿಂತು ನೋಡಿದರು. ಗಿರಣಿಗೆ ಬೀಸಲು ಬಂದ ಹೆಂಗಸರು ಅದನ್ನು ಮುಟ್ಟಿ ನೋಡಲು ಕೈ ಒರೆಸಿಕೊಂಡು ಒಳಗೆ ಬಂದರು.

ಅಪ್ಪನಿಗೆ ಮೊದಲಿಗೆ ಅದು ಅಷ್ಟು ಹಿಡಿಸಲಿಲ್ಲ. ಆದರೂ ಹಿಟ್ಟಿನಿಂದ ಅದು ಕೆಡಬಾರದೆಂದು ಬಡಿಗ್ಯಾನನ್ನು ಕರೆಸಿ ನಡುಮನೆಯಲ್ಲಿ ಒಂದು ಸಾಗವಾನಿ ಕಪಾಟು ಮಾಡಿಸಿದ. ಮೇಲೆ ತೆರೆದ ಅರೆಯಲ್ಲಿ ಟಿವಿಯಂಥ ಮಾನಿಟರ್, ಕೆಳಗೆ ಡಬ್ಬಿಯಂಥ ಸಿಪಿಯು, ಅದಕ್ಕೆ ಕೆಲಸ ನಡೆಯುವಾಗಲೂ ಗಟ್ಟಿಯಾಗಿ ಮುಚ್ಚಿಯೇ ಇರುವ ಎರಡು ಬಾಗಿಲು. ವೈರು ಹೋಗಲು ಹಿಂದೆ ಒಂದೇ ಒಂದು ತೂತು. ಆಯಿ ಹಳೆ ಸೀರೆಗಳ ತುಂಡು ಕೂಡಿಸಿ ಕೌದಿ ಹೊಲಿಯುವುದರಲ್ಲಿ ಗಟ್ಟಿಗಿತ್ತಿ. ಆ ಡಬ್ಬಿಯ ಅಳತೆಗೆ ಅವಳೂ ಒಂದು ಪುಟ್ಟ ಕೌದಿ ಹೊಲಿದು ಅದಕ್ಕೆ ತೊಡಿಸಿದಳು. ಮಗಳು ಗಂಡನ ಮನೆಗೆ ಮರಳಬೇಕೆಂದು ದಿನಾ ಅನ್ನುತ್ತಿದ್ದವಳೇ, ಮಗಳ ಯಂತ್ರಕ್ಕೆ ಕೆಂಪು ಅಂಚಿನ ಕೌದಿ ಹೊಲಿದಳು.

ಅತ್ತಿಯ ಕೈಗೆ ಕೆಲಸ ಸಿಗತೊಡಗಿತು. ಅರ್ಜಿ, ಲಗ್ನಪತ್ರಿಕೆ, ಸೊಸೈಟಿಯವರ ನೋಟೀಸು. ಆಮೇಲೆ ಬೇಸಿಗೆಯ ಬಾಯಿಗೆ ಊರ ಹೈಸ್ಕೂಲಿನ ಹೆಡ್‌ಮಾಸ್ತರರು ಬಂದು, ವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನೆಲ್ಲ ಅವಳಿಗೆ ಒಪ್ಪಿಸಿದರು. ಎಂಟನೇ, ಒಂಬತ್ತನೇ ಇಯತ್ತೆಯ ಎಲ್ಲ ವಿಷಯ. ಯಾರಿಗೂ ತೋರಿಸಬಾರದು, ಹದಿನೈದು ದಿನದಲ್ಲಿ ಮುಗಿಯಬೇಕು. ಅದು ಚೆನ್ನಾಗಿ ಆದರೆ ಸುತ್ತಲಿನ ಸಾಲಿಗಳ ಕೆಲಸವೂ ಬರುತ್ತದೆ ಎಂದರು. ಅದೇ ವಾರ ಅಳವಂಡಿಯಿಂದಲೂ ಸುದ್ದಿ ಬಂತು. ಅತ್ತಿಯ ಅತ್ತೆಯೂ, ಗಂಡನ ಅಣ್ಣನಾದ ಭಾವನೂ ಮುಂದಿನ ಶುಕ್ರವಾರ ಬಂದು ಅವಳನ್ನು ಕರೆದುಕೊಂಡು ಹೋಗುವ ಮಾತು ಆಡುತ್ತಾರಂತೆ. ಆಯಿಯ ಮುಖ ಅರಳಿತು. ಅತ್ತಿ ಕಂಪ್ಯೂಟರ್ ಹಚ್ಚಿ ಕೆಲಸಕ್ಕೆ ಕುಳಿತಳು.

ಮೂರನೇ ದಿನ ಮಧ್ಯಾಹ್ನ, ಸಮಾಜ ವಿಜ್ಞಾನದ ಪತ್ರಿಕೆ ಅರ್ಧಕ್ಕೆ ಬಂದಾಗ, ಕಂಪ್ಯೂಟರ್ ಪಟ್ಟನೆ ಆರಿಹೋಯಿತು. ಕರೆಂಟು ಇತ್ತು, ಮೇಲಿನ ಫ್ಯಾನು ತಿರುಗುತ್ತಿತ್ತು. ಮತ್ತೆ ಹಚ್ಚಿದಳು, ಹತ್ತಿಕೊಂಡಿತು, ಕಾಲು ತಾಸಿಗೆ ಮತ್ತೆ ಆರಿತು. ಉಳಿಸಿಕೊಳ್ಳದ ಎರಡು ಪುಟ ಹೋದವು. ಗಿರಣಿ ಶುರು ಮಾಡಿದಾಗ ವೋಲ್ಟೇಜ್ ಬೀಳುತ್ತದೆ, ಅದಕ್ಕೇ ಹೀಗೆ ಎಂದು ಅವ್ವ ಹೇಳಿದಳು. ಅಪ್ಪ ಎರಡು ತಾಸು ಗಿರಣಿ ನಿಲ್ಲಿಸಿ ನೋಡಿದ. ಜೋಳದ ಚೀಲ ಹೊತ್ತು ಬಂದವರು ಕಟ್ಟೆಯ ಮೇಲೆ ಕುಳಿತು ಕಾದರು. ಗಿರಣಿ ನಿಂತಿದ್ದಾಗಲೇ ಅದು ಮತ್ತೆ ಆರಿತು. ಕುಷ್ಟಗಿಯಿಂದ ಒಬ್ಬ ರಿಪೇರಿಯವನು ಬಂದು, ವೈರಸ್ ಹೊಕ್ಕಿದೆ ಎಂದು, ಅತ್ತಿ ಪತ್ರಿಕೆಗಳನ್ನು ಫ್ಲಾಪಿಗೆ ತೆಗೆದಿಟ್ಟುಕೊಂಡ ಮೇಲೆ, ಎಲ್ಲ ಅಳಿಸಿ ಹೊಸದಾಗಿ ತುಂಬಿಕೊಟ್ಟ. ಅವನು ಚಹಾ ಕುಡಿದು ಬಸ್ಸು ಹತ್ತುವಷ್ಟರಲ್ಲಿ ಅದು ಆರಿತ್ತು. ಆಯಿ ನಿಂಬೆಹಣ್ಣು ನಿವಾಳಿಸಿ ರಸ್ತೆಗೆ ಒಗೆದು ಬಂದು ಹೇಳಿದಳು:

"ನೋಡವಾ ಸಾವಿತ್ರಿ, ಅದಕ್ಕೂ ಬ್ಯಾಡಾಗೈತಿ. ನೀನು ಸುಮ್ನ ನಿನ್ನ ಮನಿಗಿ ಹೋಗು."

 ಆ ದಿನ ಅತ್ತಿ ಊಟಕ್ಕೂ ಬರಲಿಲ್ಲ. ಕಪಾಟಿನ ಮುಂದಿನ ಸ್ಟೂಲಿನ ಮೇಲೆ ಕೈ ಕಟ್ಟಿ ಕುಳಿತಿದ್ದಳು.  ನನಗೆ ಕಂಪ್ಯೂಟರ್ ಬಗ್ಗೆ ಏನೂ ಗೊತ್ತಿರಲಿಲ್ಲ. ಆದರೆ ನಮ್ಮ ಸಾಲಿಯ ಪರೀಕ್ಷೆ ಹೈಸ್ಕೂಲಿಗಿಂತ ಮೊದಲೇ ಮುಗಿದು ರಜೆ ಬಿದ್ದಿತ್ತು, ನನ್ನ ಹತ್ತಿರ ಒಂದು ಖಾಲಿ ನೋಟುಬುಕ್ಕಿತ್ತು. ಅದು ಯಾವಾಗ ಹತ್ತಿತು, ಯಾವಾಗ ಆರಿತು ಎಂದು ಬರೆಯತೊಡಗಿದೆ. ಮುಂಜಾನೆ ಆರಕ್ಕೆ ಹಚ್ಚಿದರೆ ಒಂದೂವರೆ ತಾಸು ನಡೆಯುತ್ತಿತ್ತು. ಮಧ್ಯಾಹ್ನ ಹಚ್ಚಿದರೆ ಇಪ್ಪತ್ತು ನಿಮಿಷ. ಆರಿದ ಕೂಡಲೇ ಮತ್ತೆ ಹಚ್ಚಿದರೆ ಐದೇ ನಿಮಿಷ. ಒಂದು ತಾಸು ಬಿಟ್ಟು ಹಚ್ಚಿದರೆ ಮತ್ತೆ ಅರ್ಧ ತಾಸು. ಎರಡು ದಿನ ಬರೆದ ಮೇಲೆ ಗಿರಣಿಗೆ ಹೋಗಿ ಅಪ್ಪನಿಗೆ ಓದಿ ಹೇಳಿದೆ. ಅವನು ಪಟ್ಟಾ ಇಳಿಸಿ, ಕೈಯ ಹಿಟ್ಟು ಕೊಡವಿಕೊಂಡು, ಇನ್ನೊಂದು ಸಲ ಓದು ಅಂದ. ಓದಿದೆ.

"ನೀಲಾ, ಇದು ವೋಲ್ಟೇಜ್ ಅಲ್ಲ. ಬೇರಿಂಗ್ ಕಾದಾಗ ಗಿರಣಿನೂ ಹಿಂಗ ಮಾಡ್ತೈತಿ. ತಂಪಾದ್ರ ನಡೀತೈತಿ, ಕಾದ್ರ ನಿಲ್ತೈತಿ."

ಒಳಗೆ ಬಂದು ಆ ಡಬ್ಬಿಯ ಮೇಲಿನ ಕೌದಿ ಸರಿಸಿ ಅಂಗೈ ಇಟ್ಟ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಆರೋ ಏಳೋ ಎಣಿಸುವಷ್ಟರಲ್ಲಿ ಕೈ ತೆಗೆದ.

"ಇದಕ್ಕ ಜ್ವರ ಐತಿ."

ಅತ್ತಿ ರಿಪೇರಿಯವನಿಗೆ ಫೋನು ಹಚ್ಚಿದಳು. ಅವನು ಒಳ್ಳೆಯವನೇ, ಹೌದಕ್ಕಾ, ಅದೂ ಇರಬಹುದು ಎಂದು ಒಪ್ಪಿಕೊಂಡು, ಹಚ್ಚುವಾಗ ಡಿಲೀಟ್ ಒತ್ತಿದರೆ ನೀಲಿ ಪರದೆ ಬರುತ್ತದೆ, ಅದರಲ್ಲಿ ಪ್ರೊಸೆಸರಿನ ಉಷ್ಣಾಂಶ ಬರೆದಿರುತ್ತದೆ ಎಂದು ಹೇಳಿಕೊಟ್ಟ. ಮೂವರೂ ಪರದೆಗೆ ಮುಖ ಹಚ್ಚಿ ನಿಂತೆವು. ಎಂಬತ್ತೊಂದು ಇತ್ತು. ನೋಡುತ್ತಿದ್ದಂತೆ ಎಂಬತ್ತಾರು, ತೊಂಬತ್ತು. ತೊಂಬತ್ನಾಲ್ಕಕ್ಕೆ ಪರದೆ ಕಪ್ಪಾಯಿತು. ತನ್ನನ್ನು ತಾನು ಸುಟ್ಟುಕೊಳ್ಳಬಾರದೆಂದು ಅದೇ ಆರುತ್ತಿತ್ತು. ಅತ್ತಿ ಬಹಳ ದಿನದ ಮೇಲೆ ಒಮ್ಮೆ ನಕ್ಕಳು. ಕಾರಣ ಗೊತ್ತಿಲ್ಲದ ರೋಗಕ್ಕಿಂತ ತೊಂಬತ್ನಾಲ್ಕು ಎಂಬುದು ಎಷ್ಟೋ ವಾಸಿ ಅನ್ನಿಸಿರಬೇಕು.

ಮರುದಿನ ಅಮಾವಾಸ್ಯೆ, ಗಿರಣಿಗೆ ರಜೆ. ಹಿತ್ತಲಿನ ಬೇವಿನ ನೆರಳಲ್ಲಿ ಚಾಪೆ ಹಾಸಿ ಡಬ್ಬಿಯನ್ನು ಮಲಗಿಸಿದೆವು. ಒಳಗಿನ ಸಾಮಾನು ಮುಟ್ಟುವ ಮೊದಲು ಕಬ್ಬಿಣ ಮುಟ್ಟಬೇಕು, ಇಲ್ಲದಿದ್ದರೆ ಮೈಯಲ್ಲಿಯ ಕರೆಂಟು ಅದಕ್ಕೆ ಬಡಿಯುತ್ತದೆ ಎಂದು ಅತ್ತಿಗೆ ಕೊಪ್ಪಳದಲ್ಲಿ ಕಲಿಸಿದ್ದರು. ಹೀಗಾಗಿ ಅಪ್ಪ, ಅತ್ತಿ, ನಾನು ಸರದಿಯಲ್ಲಿ ಕಿಟಕಿಯ ಸರಳನ್ನು ಮುಟ್ಟಿ ಬಂದು ಕುಳಿತೆವು. ಅವ್ವ ಅಡಿಗೆಮನೆಯಿಂದ ನೋಡಿ, ದೇವರಿಗೂ ನೀವು ಹಿಂಗ ನಮಸ್ಕಾರ ಮಾಡಿಲ್ಲ ಅಂದಳು. ಮುಚ್ಚಳ ತೆಗೆದಾಗ ಒಳಗೆ ಒಂದು ಚಿಕ್ಕ ಫ್ಯಾನು, ಅದರ ಕೆಳಗೆ ಅಲ್ಯೂಮಿನಿಯಮ್ಮಿನ ತೆಳು ಹಲ್ಲುಗಳ ಒಂದು ಗುಂಡು ಗಡ್ಡೆ. ಪ್ರೊಸೆಸರಿನ ಕಾವನ್ನು ಹೀರಿ ಗಾಳಿಗೆ ಬಿಡುವುದೇ ಅದರ ಕೆಲಸ. ಆದರೆ ಹಲ್ಲುಗಳು ಕಾಣುತ್ತಲೇ ಇರಲಿಲ್ಲ. ಜೋಳದ ಹಿಟ್ಟು ಅವುಗಳ ನಡುವೆ ಹೊಕ್ಕು, ಕಾದು, ರೊಟ್ಟಿಯ ಹಕ್ಕಳೆಯಂತೆ ಗಟ್ಟಿಯಾಗಿತ್ತು. ನಾನು ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದುಕೊಂಡೆ. ಅಪ್ಪ ಬಣ್ಣದ ಬ್ರಶ್ಶಿನಿಂದ ಬಿಡಿಸಿದ. ಅತ್ತಿ ಸೈಕಲ್ ಪಂಪಿನಿಂದ ಗಾಳಿ ಹೊಡೆದಳು. ಒಂದು ಮುಷ್ಟಿ ಹಿಟ್ಟು ಬಂತು. ಆಯಿ ದೂರದಲ್ಲಿ ಹತ್ತಿ ಬಿಡಿಸುತ್ತ ಕುಳಿತು ಎಲ್ಲವನ್ನೂ ನೋಡುತ್ತಿದ್ದಳು.

ಮತ್ತೆ ಜೋಡಿಸಿ, ಒಳಗೆ ಒಯ್ದು ಹಚ್ಚಿದೆವು. ಎಪ್ಪತ್ತು. ಅತ್ತಿ ನನ್ನ ತಲೆ ಸವರಿದಳು. ಎಪ್ಪತ್ತೆಂಟು. ಎಂಬತ್ಮೂರು. ಅರ್ಧ ತಾಸಿಗೆ ಎಂಬತ್ತೊಂಬತ್ತು. ಅಪ್ಪ ಬೀಡಿ ಹಚ್ಚಿಕೊಂಡು ಹಿತ್ತಲಿಗೆ ಹೋದ. ಶುಕ್ರವಾರಕ್ಕೆ ನಾಲ್ಕೇ ದಿನ ಇತ್ತು, ಹೆಡ್‌ಮಾಸ್ತರರಿಗೆ ಕೊಡಲು ಏಳು ದಿನ. ಬೀಡಿ ಮುಗಿಸಿ ಬಂದವನು ಮತ್ತೆ ಬಿಚ್ಚು ಅಂದ. ಈ ಸಲ ಅವನು ಬರೀ ನೋಡಲಿಲ್ಲ, ಅಲುಗಿಸಿದ. ಅಲ್ಯೂಮಿನಿಯಮ್ಮಿನ ಗಡ್ಡೆ ಒಂದು ಮೂಲೆಯಲ್ಲಿ ಸಡಿಲಾಗಿ ಆಡಿತು. ಅದನ್ನು ಹಿಡಿದಿದ್ದ ನಾಲ್ಕು ಪ್ಲಾಸ್ಟಿಕ್ ಕಾಲುಗಳಲ್ಲಿ ಒಂದು ಮುರಿದಿತ್ತು. ಎತ್ತಿ ನೋಡಿದರೆ, ಅದಕ್ಕೂ ಪ್ರೊಸೆಸರಿಗೂ ನಡುವೆ ಹಚ್ಚಿದ್ದ ಬೂದು ಮುಲಾಮು ಒಣಗಿ ಸುಣ್ಣದಂತೆ ಉದುರುತ್ತಿತ್ತು.

"ಗ್ರೀಸ್ ಒಣಗೈತಿ. ಇದಕ್ಕ ಕಾವು ಮ್ಯಾಲ ಹತ್ತಾಕ ದಾರೀನ ಇಲ್ಲ. ತಡಿ, ಗಿರಣಿ ಗ್ರೀಸ್ ತರ್ತೀನಿ."

"ಬ್ಯಾಡ ಅಣ್ಣಾ. ಇದಕ್ಕ ಬ್ಯಾರೆ ಪೇಸ್ಟ್ ಐತಿ. ನಿನ್ನ ಗ್ರೀಸ್ ಹಚ್ಚಿದ್ರ ಕರಗಿ ಎಲ್ಲಾ ಕಡೆ ಹರೀತೈತಿ."

ಅಪ್ಪನಿಗೆ ಯಂತ್ರದ ವಿಷಯದಲ್ಲಿ ಎದುರಾಡಿದವರನ್ನು ನಾನು ಅದೇ ಮೊದಲು ನೋಡಿದ್ದು. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು, ಹಂಗಾದ್ರ ಅದನ್ನ ತಗೊಂಡು ಬಾ ಅಂದ.

ಅತ್ತಿ, ನಾನು ಗಂಗಾವತಿಯ ಬಸ್ಸು ಹತ್ತಿದೆವು. ಕನಕಗಿರಿ ದಾಟಿ ಒಂದಷ್ಟು ದೂರದವರೆಗೆ ನಮ್ಮ ಕಡೆಯ ಬೋಳು ಹೊಲಗಳೇ. ಆಮೇಲೆ ಒಮ್ಮೆಲೇ ಕಾಲುವೆಯ ಹಸಿರು, ಸಾಲು ಸಾಲು ಅಕ್ಕಿ ಗಿರಣಿಗಳು. ಹಳೆ ಸಾಮಾನಿನ ಅಂಗಡಿಯೊಂದರಲ್ಲಿ, ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನ ಕಡೆಯವರಿರಬೇಕು, ತೆಲುಗು ಬೆರೆಸಿ ಮಾತಾಡುವ ಒಬ್ಬ ಮುದುಕರು ಮುರಿದ ಕಾಲನ್ನು ಬೆಳಕಿಗೆ ಹಿಡಿದು ನೋಡಿದರು. ಒಂದು ಹಳೆಯ ಗಡ್ಡೆಯಿಂದ ನಾಲ್ಕು ಕಾಲು ಕಿತ್ತು ಕಾಗದದಲ್ಲಿ ಕಟ್ಟಿಕೊಟ್ಟರು. ಸಿರಿಂಜಿನಂಥ ಕೊಳವೆಯಲ್ಲಿ ಪೇಸ್ಟ್ ಕೊಟ್ಟರು. ಉಷ್ಣಾಂಶವನ್ನು ಪರದೆಯ ಮೂಲೆಯಲ್ಲಿ ಸದಾ ತೋರಿಸುವ ಒಂದು ಸಣ್ಣ ಪ್ರೋಗ್ರಾಮನ್ನೂ ಸಿಡಿಗೆ ಹಾಕಿಕೊಟ್ಟರು.

"ಭಾಳ ಹಚ್ಚಬ್ಯಾಡ್ರಮ್ಮಾ. ಎಲ್ಲಾರೂ ರೊಟ್ಟಿಗೆ ಬೆಣ್ಣಿ ಹಚ್ಚಿದಂಗ ಹಚ್ತಾರ. ಒಂದು ಕಡ್ಲಿಕಾಳಷ್ಟು, ನಡುವ. ಒತ್ತಿದ್ರ ಅದೇ ಹರಡ್ತದ."

ಮನೆಗೆ ಬಂದು ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಹಳೆಯದನ್ನು ಒರೆಸಿದೆವು. ಹತ್ತಿ ಕೊಟ್ಟವಳು ಆಯಿ. ಕೇಳಿರಲಿಲ್ಲ, ತಾನೇ ಬಿಡಿಸಿದ್ದರಲ್ಲಿ ಒಂದು ಹಿಡಿ ತಂದು ಚಾಪೆಯ ಮೇಲೆ ಇಟ್ಟು ಹೋದಳು. ಅತ್ತಿ ಕಡಲೆಕಾಳಿನಷ್ಟು ಪೇಸ್ಟ್ ಇಟ್ಟಳು. ಅಪ್ಪ ಗಡ್ಡೆಯನ್ನು ನೇರ ಕೂರಿಸಿ ಎದುರುಬದುರಾದ ಕಾಲುಗಳನ್ನು ಜೋಡಿಯಾಗಿ ಒತ್ತಿದ. ನಾಲ್ಕು ಸಲ ಟಕ್ ಅಂತ ಸದ್ದಾಯಿತು. ಹಿತ್ತಲಲ್ಲೇ ಹಚ್ಚಿ ನೋಡಿದೆವು. ಐವತ್ತಾರು. ಒಂದು ತಾಸಾದರೂ ಐವತ್ತೆಂಟು. ಅವ್ವ ಚಹಾ ತಂದಳು, ಎಲ್ಲರೂ ನಿಂತೇ ಕುಡಿದೆವು.

ಒಳಗೆ ಒಯ್ದು ಕಪಾಟಿನಲ್ಲಿ ಇಟ್ಟು, ಕೌದಿ ಹೊದಿಸಿ ಬಾಗಿಲು ಮುಚ್ಚಿದೆವು. ಅತ್ತಿ ಕೆಲಸಕ್ಕೆ ಕುಳಿತಳು. ಮೂಲೆಯ ಅಂಕಿ ಅರವತ್ತೈದು ಆಯಿತು, ಎಪ್ಪತ್ತೆರಡು ಆಯಿತು, ಎಂಬತ್ತು ಆಯಿತು. ಅಪ್ಪ ಮತ್ತೆ ಬಿಚ್ಚಲು ಸ್ಕ್ರೂಡ್ರೈವರ್ ತೆಗೆದುಕೊಂಡ. ನನಗೆ ಆಗಲೇ ಗೊತ್ತಾಗಿತ್ತು. ಹೇಳಲು ಮಾತ್ರ ನಾಲಿಗೆ ಏಳಲಿಲ್ಲ. ಆ ಕಪಾಟು ಮಾಡಿಸಲು ಅಪ್ಪ ಬಡಿಗ್ಯಾನ ಮನೆಗೆ ಎಷ್ಟು ಸಲ ಅಡ್ಡಾಡಿದ್ದ, ಆ ಕೌದಿಗೆ ಆಯಿ ಎಷ್ಟು ಮಧ್ಯಾಹ್ನ ಕಣ್ಣು ಕಿರಿದು ಮಾಡಿಕೊಂಡು ಕುಳಿತಿದ್ದಳು ಎಂದು ನೋಡಿದವಳು ನಾನು. ಕೊನೆಗೆ ನೋಟುಬುಕ್ಕನ್ನೇ ಮುಂದೆ ಹಿಡಿದು ಹೇಳಿದೆ:

"ಅಪ್ಪಾ, ಹಿತ್ತಲದಾಗ ಐವತ್ತೆಂಟು. ಕಪಾಟಿನಾಗ ಎಂಬತ್ತು. ಯಂತ್ರ ಅದೇ ಐತಿ."

 ನನಗೆ ಬೈಗುಳ ಬೀಳುತ್ತದೆ ಅಂದುಕೊಂಡೆ. ಅಪ್ಪ ಸ್ಕ್ರೂಡ್ರೈವರನ್ನು ಡಬ್ಬಿಯಿಂದ ತೆಗೆದು ಕಪಾಟಿನ ಬಾಗಿಲ ತಿರುಗಣಿಗೆ ಹಚ್ಚಿದ. ಒಂದು ಬಾಗಿಲು ಬಿಚ್ಚಿ ಗೋಡೆಗೆ ಆನಿಸಿದ, ಇನ್ನೊಂದನ್ನೂ ಬಿಚ್ಚಿದ. ಅಂಕಿ ಇಳಿಯಿತು, ಆದರೆ ಬಾಗಿಲಿಲ್ಲದ ಕಪಾಟಿಗೆ ಗಿರಣಿಯ ಹಿಟ್ಟು ನಾಳೆಯೇ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಮುಚ್ಚಿದರೆ ಕಾವು, ತೆರೆದರೆ ಹಿಟ್ಟು. ಅತ್ತಿ ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ಕುಳಿತಳು. ಆಗ ಆಯಿ ಬಾಗಿಲಲ್ಲಿ ನಿಂತವಳು ಒಳಗೆ ಬಂದಳು. ಕೌದಿಯನ್ನು ತೆಗೆದು ಮಡಚಿ ಹೆಗಲ ಮೇಲೆ ಹಾಕಿಕೊಂಡಳು.

"ನನ್ನ ಕೋಣಿಗಿ ಹಿಟ್ಟು ಬರಾಂಗಿಲ್ಲ. ಮಣ್ಣಿನ ಗ್ವಾಡಿ, ತಂಪೈತಿ. ಅಲ್ಲೇ ಇಡ್ರಿ."

"ನೀ ಎಲ್ಲಿ ಮಲಗ್ತಿ ಯವ್ವಾ?" ಅಪ್ಪ ಕೇಳಿದ.

"ನಡುಮನ್ಯಾಗ. ನೀಲಾನ ಬಾಜೂಕ."

ಆ ಕೋಣೆಯಲ್ಲಿ ಆಯಿಯ ಹೊರಸು, ಅವಳ ಅಡಕೆ ಚೀಲ, ಅಜ್ಜ ತೀರಿಕೊಂಡ ಮೇಲೆ ಯಾರನ್ನೂ ಮುಟ್ಟಗೊಡದ ಅವನ ಪೆಟ್ಟಿಗೆ ಇದ್ದವು. ಒಂದು ತಾಸಿನಲ್ಲಿ ಅವಳೇ ಎಲ್ಲ ತೆರವು ಮಾಡಿಸಿದಳು. ಹಿತ್ತಲ ಕಿಟಕಿಯ ಕೆಳಗೆ ಮೇಜು ಹಾಕಿ, ಡಬ್ಬಿಯ ಬೆನ್ನನ್ನು ಗೋಡೆಯಿಂದ ಒಂದು ಗೇಣು ದೂರ ಇಟ್ಟೆವು. ಮರುದಿನ ಮಧ್ಯಾಹ್ನ ಊರೇ ಬೇಯುತ್ತಿದ್ದಾಗಲೂ ಅಂಕಿ ಅರವತ್ತು ದಾಟಲಿಲ್ಲ. ಅತ್ತಿ ಎದ್ದರೆ ಊಟಕ್ಕೆ, ಕುಳಿತರೆ ಕೆಲಸಕ್ಕೆ. ಆಯಿ ಅವಳನ್ನು ಅಳವಂಡಿಗೆ ಹೋಗು ಅನ್ನುವುದನ್ನು ಬಿಟ್ಟಿದ್ದಳು. ಇರು ಎಂದೂ ಹೇಳಿರಲಿಲ್ಲ.

ಶುಕ್ರವಾರ ಅವರು ಬಂದರು. ಭಾವ ಪಡಸಾಲೆಯಲ್ಲಿ ಅಪ್ಪನ ಜೊತೆ ಮಳೆ ಬೆಳೆಯ ಮಾತಾಡುತ್ತ ಕುಳಿತ. ಅತ್ತಿಯ ಅತ್ತೆ, ಎತ್ತರದ ತೆಳು ಮುದುಕಿ, ನೀರು ಕುಡಿದು ನಡುಮನೆಗೆ ಬಂದು, ಸೊಸೆ ಎಲ್ಲಿ ಎಂದು ಕೇಳಿದಳು. ಕೆಲಸದಾಗ ಅದಾಳ, ಮುಗಿಸಿ ಬರ್ತಾಳ, ಕುಂದರ್ರಿ ಎಂದು ಆಯಿ ಹೇಳಿದ್ದು ಕೇಳಿ ಅವ್ವ ನನ್ನನ್ನೂ ನಾನು ಅವ್ವನನ್ನೂ ನೋಡಿದೆವು. ಮುದುಕಿ ಕುಳಿತುಕೊಳ್ಳಲಿಲ್ಲ. ಟೈಪಿಂಗಿನ ಕೀಲಿಗಳ ಸದ್ದು ಹಿಡಿದು ಹಿಂದಿನ ಕೋಣೆಯ ಬಾಗಿಲಿಗೆ ಹೋದಳು. ನಾನೂ ಹಿಂದೆ ಹೋದೆ.

"ಒಳಗ ಬರಬ್ಯಾಡ್ರಿ ಅತ್ತಿ," ಎಂದು ಸಾವಿತ್ರಿ ಅತ್ತಿ ಎದ್ದು ನಿಂತಳು. "ಇವು ಪರೀಕ್ಷಾದ ಪೇಪರ್. ಯಾರೂ ನೋಡಬಾರದು ಅಂತ ಮಾಸ್ತರು ಹೇಳ್ಯಾರ್ರಿ."

ಮುದುಕಿಗೆ ಓದಲು ಬರುತ್ತಿರಲಿಲ್ಲ. ಆದರೂ ಅವಳು ಹೊಸ್ತಿಲ ಹೊರಗೇ ಕುಳಿತು, ಪರದೆ ಕಾಣದಂತೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಹಾಗೇ ಗೋಡೆಯನ್ನು ನೋಡುತ್ತ ಕೇಳಿದಳು:

"ನೀ ಬರಾಂಗಿಲ್ಲೇನು?"

"ಇಲ್ರಿ."

"ನಮ್ಮ ಮನ್ಯಾಗ ಯಾರರ ಏನರ ಅಂದಾರೇನವಾ?"

"ಯಾರೂ ಏನೂ ಅಂದಿಲ್ರಿ. ಐದು ವರ್ಷ ಯಾರೂ ಏನೂ ಕೇಳಿಲ್ರಿ. ಉಂಡಿ ಅಂತ ಇಲ್ಲ, ಏನು ಬೇಕು ಅಂತ ಇಲ್ಲ. ನನ್ನ ಧ್ವನಿ ನನಗ ಮರ್ತು ಹೋಗಿತ್ರಿ."

ಮುದುಕಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಗಿರಣಿ ಓಡುವ ಸದ್ದು ಮುಂದಿನಿಂದ ಬರುತ್ತಿತ್ತು. ಇನ್ನೇನು ಎದ್ದು ಹೋಗುತ್ತಾಳೆ ಅಂದುಕೊಂಡೆ. ಅವಳು ಗೋಡೆಯಿಂದ ಮುಖ ತಿರುಗಿಸದೆ ಕೇಳಿದಳು:

"ಈ ಕೆಲಸ ನಿನಗ ಯಾರು ಕಲಿಸಿದ್ರು?"

 ಅತ್ತಿ ಪತ್ರಿಕೆಯನ್ನು ಉಳಿಸಿ ಮುಚ್ಚಿ, ಸ್ಟೂಲನ್ನು ಹೊಸ್ತಿಲ ಹತ್ತಿರ ಎಳೆದುಕೊಂಡು ಕುಳಿತಳು. ಈಗ ನೋಡ್ರಿ, ಏನೂ ಇಲ್ಲ ಎಂದು ಮುದುಕಿಯ ಮುಖ ತಿರುಗಿಸಿದಳು. ಕೊಪ್ಪಳದ ಬಸ್ಸಿನಿಂದ ಹಿಡಿದು ಗಂಗಾವತಿಯ ಪೇಸ್ಟಿನವರೆಗೆ ಹೇಳಿದಳು. ಮುದುಕಿ ನಡುನಡುವೆ ಪ್ರಶ್ನೆ ಕೇಳುತ್ತಿದ್ದಳು. ಅವರು ಉಂಡು, ನಾಲ್ಕರ ಬಸ್ಸಿಗೆ ಹೊರಟರು. ಕಟ್ಟೆಯ ಮೇಲೆ ನಿಂತು ಮುದುಕಿ ಆಯಿಗೆ, ಅಕಿ ಇಲ್ಲೇ ಇರ್ಲಿ, ನಾ ನನ್ನ ಮಗಗ ಹೇಳ್ತೀನಿ ಅಂದಳು. ಹೇಳಿದಳು ಕೂಡ. ಆ ಮದುವೆಯ ಸಂಬಂಧ ಮುಂದೆ ಎರಡು ವರ್ಷಕ್ಕೆ ಹಿರಿಯರ ಮುಂದೆ, ಯಾರೂ ಯಾರಿಗೂ ಕೆಟ್ಟ ಮಾತಾಡದೆ ಮುಗಿಯಿತು. ಮುದುಕಿ ಬದುಕಿರುವವರೆಗೆ ವರ್ಷಕ್ಕೊಮ್ಮೆ ಬಸ್ಸು ಹತ್ತಿ ಬಂದು ಎರಡು ದಿನ ಇದ್ದು ಹೋಗುತ್ತಿದ್ದಳು. ಪ್ರಶ್ನೆಪತ್ರಿಕೆಗಳು ಹೇಳಿದ ದಿನಕ್ಕೇ ಮುಗಿದವು, ಸುತ್ತಲಿನ ಸಾಲಿಗಳ ಕೆಲಸವೂ ಬಂತು. ಅತ್ತಿಯ ಅಂಗಡಿ ಈಗ ಅದೇ ಹಿಂದಿನ ಕೋಣೆಯಿಂದ ಬೆಳೆದು ಹಿತ್ತಲವರೆಗೆ ಬಂದಿದೆ. ನಾನು ಐಟಿಐಯಲ್ಲಿ ಮಕ್ಕಳಿಗೆ ಯಂತ್ರ ಬಿಚ್ಚುವುದನ್ನು ಕಲಿಸುತ್ತೇನೆ. ಬಿಚ್ಚುವ ಮೊದಲು ಎರಡು ದಿನ ಬರೀ ಬರೆದುಕೊಳ್ಳಿರಿ ಅನ್ನುತ್ತೇನೆ, ಅವರಿಗೆ ಬೇಸರವಾಗುತ್ತದೆ.

ಆ ಶುಕ್ರವಾರ ಬಸ್ಸು ಹೋದ ಮೇಲೆ ಅತ್ತಿ ಮತ್ತೆ ಕೋಣೆಗೆ ಹೋಗಿ ಗಣಿತದ ಪತ್ರಿಕೆ ತೆರೆದಳು. ಆಯಿ ಅವಳ ಹಿಂದೆಯೇ ಹೋಗಿ ಹಿತ್ತಲ ಕಿಟಕಿಯ ಎರಡೂ ಬಾಗಿಲು ತೆಗೆದಿಟ್ಟು ಬಂದಳು. ಆ ದಿನ ಕಂಪ್ಯೂಟರಿನ ಕಾವು ಎಷ್ಟಿದೆ ಎಂದು ಮನೆಯಲ್ಲಿ ಯಾರಿಗೂ ನೆನಪಾಗಲಿಲ್ಲ. ನಾನೊಬ್ಬಳು ಬಾಗಿಲಿನಿಂದ ಇಣುಕಿ ನೋಡಿ ನೋಟುಬುಕ್ಕಿನಲ್ಲಿ ಬರೆದುಕೊಂಡೆ: ಸಂಜೆ ನಾಲ್ಕೂವರೆ, ಐವತ್ತೊಂಬತ್ತು, ನಡೆಯುತ್ತಿದೆ.